ಸತ್ಯಾಂಶ: ಕ್ಯಾಮೆರಾ ಕೆಲಸ ಕಾಲೇಜಲ್ಲಿ ಬರಲ್ವಾ?

"ಸಿನಿಮಾ ಕೋರ್ಸ್ ಸುಮ್ನೆ ದುಡ್ಡು ದಂಡ, ದೊಡ್ಡ ಕ್ಯಾಮೆರಾಮನ್‌ಗಳೆಲ್ಲ ಸೆಟ್‌ನಲ್ಲೇ ಕಲಿತವರು" ಅನ್ನೋ ಫಾರ್ವರ್ಡ್ ಮತ್ತೆ ಓಡಾಡುತ್ತಿದೆ. ಇದು ಅರ್ಧ ಸತ್ಯ.

ಮೈಸೂರಿನ ವಿ.ಕೆ. ಮೂರ್ತಿ ಅವರನ್ನೇ ನೋಡಿ. 2008ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಅವರು ಛಾಯಾಗ್ರಹಣ ಓದಿದ್ದು ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ, 1940ರ ದಶಕದಲ್ಲಿ. ಛಾಯಾಗ್ರಾಹಕ, ನಿರ್ದೇಶಕ ಗೋವಿಂದ್ ನಿಹಲಾನಿ ಕೂಡ ಅಲ್ಲೇ ಓದಿದವರು. ಆದರೆ ಡಿಪ್ಲೊಮಾ ಕೈಗೆ ಬಂದ ತಕ್ಷಣ ಯಾರೂ ಇವರಿಗೆ ಸಿನಿಮಾ ಒಪ್ಪಿಸಲಿಲ್ಲ, ಮೂರ್ತಿ ಮುಂಬೈಗೆ ಹೋಗಿ ಛಾಯಾಗ್ರಾಹಕ ಫಾಲಿ ಮಿಸ್ತ್ರಿ ಅಂಥವರ ಕೈಕೆಳಗೆ ಸಹಾಯಕರಾಗಿದ್ದರು, ಮುಂದೆ ನಿಹಲಾನಿ ಇದೇ ಮೂರ್ತಿಯವರ ಸಹಾಯಕರಾದರು (ಒಳ್ಳೆ ಗುರುಪರಂಪರೆ ಅಲ್ವಾ!).

ಲೆನ್ಸ್, ಬೆಳಕಿನ ಅಳತೆ, ಎಡಿಟಿಂಗ್ ಇವನ್ನೆಲ್ಲ ತಪ್ಪು ಮಾಡುತ್ತಾ ಕಲಿಯಲು ಕಾಲೇಜೇ ವಾಸಿ, ಯಾಕಂದ್ರೆ ಸೆಟ್‌ನಲ್ಲಿ ತಪ್ಪಿದರೆ ನಿರ್ಮಾಪಕರ ದುಡ್ಡು ಹೋಗುತ್ತೆ. ಸೇರುವ ಮೊದಲು ಒಂದೇ ಕೇಳಿ: ವಿದ್ಯಾರ್ಥಿಗಳ ಕೈಗೆ ಕ್ಯಾಮೆರಾ ಎಷ್ಟು ಹೊತ್ತು ಸಿಗುತ್ತೆ?