ಒಂದು ಅಂಕದ ಪ್ರಶ್ನೆ: ಕಟ್ಟೆ ಕಟ್ಟಿದ್ದು ಯಾರು?

ಸಂಜೆಯಿಂದ ಹೊಟ್ಟೆ ಉರೀತಿದೆ, ಬರೆದುಬಿಡ್ತೀನಿ, ಇಲ್ಲಾಂದ್ರೆ ನಿದ್ದೆ ಬರಲ್ಲ.

ಅಣ್ಣನ ಮಗ ಏಳನೇ ಕ್ಲಾಸು. "ಅತ್ತೆ, ಇದ್ ನೋಡು" ಅಂತ ಟೆಸ್ಟ್ ಪೇಪರ್ ತಂದು ಕೊಟ್ಟ. ಒಂದು ಅಂಕದ ಪ್ರಶ್ನೆ, ಕೃಷ್ಣರಾಜಸಾಗರ ಅಣೆಕಟ್ಟನ್ನು ಕಟ್ಟಿದವರು ಯಾರು? ಇವನು ಬರೆದಿರೋದು: "ವಿಶ್ವೇಶ್ವರಯ್ಯನವರು ಶುರು ಮಾಡಿಸಿದರು, ಮಹಾರಾಜರು ದುಡ್ಡು ಕೊಟ್ಟರು, ಕೂಲಿಯವರು ಕಟ್ಟಿದರು." ಅದರ ಮೇಲೆ ಕೆಂಪು ಇಂಕಲ್ಲಿ ದೊಡ್ಡ ಇಂಟು ಮಾರ್ಕು, ಪಕ್ಕದಲ್ಲಿ "ಸರ್ ಎಂ.ವಿ." ಅಂತ ತಿದ್ದಿದ್ದಾರೆ. ಸೊನ್ನೆ. ಹುಡುಗ ಅಳ್ತಿರಲಿಲ್ಲ, "ನಾನು ಬರ್ದಿದ್ರಲ್ಲಿ ಯಾವುದು ತಪ್ಪು?" ಅಂತ ಕೇಳ್ತಿದ್ದ ಅಷ್ಟೇ. ಯಾವುದೂ ತಪ್ಪಿಲ್ಲ ಕಣಪ್ಪ.

ನಮ್ಮ ತವರಿನವರದ್ದು ಮೂಲ ಊರು ಹಳೇ ಕನ್ನಂಬಾಡಿ. ಈ ಕಟ್ಟೆ ಕಟ್ಟಿದಾಗ ನೀರಿನಡಿ ಹೋದ ಊರು. ಅಲ್ಲಿಂದ ನಮ್ಮ ಮುತ್ತಜ್ಜಿ ಮನೆಯ ಬಾಗಿಲು, ಹೊಸಿಲು ಎರಡನ್ನೂ ಕಿತ್ತು ಗಾಡಿಗೆ ಹಾಕ್ಕೊಂಡು ಬಂದರಂತೆ, ಹೊಸಿಲು ಬಿಟ್ಟು ಬರಬಾರದು ಅಂತ. ಆ ಹೊಸಿಲು ಇವತ್ತಿಗೂ ಅಣ್ಣನ ಮನೇಲಿದೆ, ಅದನ್ನ ದಾಟ್ಕೊಂಡೇ ಈ ಹುಡುಗ ದಿನಾ ಸ್ಕೂಲಿಗೆ ಹೋಗೋದು. ಅಂಥವನಿಗೆ ಕಟ್ಟೆ ಕಟ್ಟಿದ್ದು ಒಬ್ಬರೇ ಅಂತ ಹೇಳಿಕೊಡ್ತೀವಿ.

ವಿಶ್ವೇಶ್ವರಯ್ಯನವರ ಬಗ್ಗೆ ನನಗೆ ಗೌರವ ಕಮ್ಮಿ ಅಂತ ಯಾರೂ ಅಂದ್ಕೋಬೇಡಿ. ನಿಜ ಹೇಳಬೇಕಂದ್ರೆ, ಒಂದೇ ಹೆಸರಿನ ಉತ್ತರದಲ್ಲಿ ಮೊದಲು ಮುಚ್ಚಿಹೋಗೋದು ಅವರು ಮಾಡಿದ ಕೆಲಸಾನೇ. ಅವರು 1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. 1911ರಲ್ಲಿ ಕಟ್ಟೆ ಕೆಲಸ ಶುರುವಾದಾಗ ಅವರು ದಿವಾನರೂ ಅಲ್ಲ, ಆಗ ದಿವಾನರು ಟಿ. ಆನಂದರಾವ್. ಕಾವೇರಿ ನೀರು ಮುಂದೆ ಹರಿದು ಹೋಗೋದು ಮದ್ರಾಸ್ ಪ್ರಾಂತ್ಯಕ್ಕೆ, ಅಲ್ಲಿನವರು ದೊಡ್ಡ ಕಟ್ಟೆಗೆ ಒಪ್ಪಲಿಲ್ಲ, 11 ಟಿಎಂಸಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ) ನೀರು ನಿಲ್ಲಿಸೋಷ್ಟು ಮಾತ್ರ ಕಟ್ಟಿ ಅಂದರು. ಆದರೆ ಅಡಿಪಾಯ ಹಾಕಿದ್ದು ಮಾತ್ರ 41.5 ಟಿಎಂಸಿಯ ದೊಡ್ಡ ಕಟ್ಟೆಗೇ ಆಗೋ ಹಾಗೆ, ಅಗಲವಾಗಿ. ಮುಂದೆ ಎಂದಾದರೂ ಒಪ್ಪಿಗೆ ಸಿಗುತ್ತೆ ಅನ್ನೋ ನಂಬಿಕೆ ಮೇಲೆ. ಪಂಚಾಯ್ತಿ, ಅಪೀಲು ಎಲ್ಲ ನಡೆದು ಕೊನೆಗೆ 1924ರಲ್ಲಿ ಮೈಸೂರು ಮದ್ರಾಸು ಒಪ್ಪಂದ ಆಯ್ತು. ಆ ಅಡಿಪಾಯ ಚಿಕ್ಕದಾಗಿ ಹಾಕಿದ್ದಿದ್ದರೆ ಒಪ್ಪಂದ ಆದಮೇಲೆ ಅದರ ಮೇಲೆ ಏನು ಎಬ್ಬಿಸೋಕಾಗ್ತಿತ್ತು? ಒಬ್ಬ ಮನುಷ್ಯನ ಹಟ ಚರಿತ್ರೆಯ ದಾರಿ ಬದಲಿಸೋದು ಅಂದ್ರೆ ಇದು. ಇದನ್ನ ಎಷ್ಟು ಮಕ್ಕಳಿಗೆ ಹೇಳಿದ್ದೀವಿ? ಸರ್ಕಾರಿ ಕೆಲಸಕ್ಕೊಂದು ಸ್ವಂತ ಕೆಲಸಕ್ಕೊಂದು ಅಂತ ಎರಡು ಮೋಂಬತ್ತಿ ಇಟ್ಕೊಂಡಿದ್ದ ಕಥೆ ಹೇಳ್ತೀವಿ, ರೈಲಿನ ಸದ್ದು ಕೇಳೇ ಹಳಿ ಮುರಿದಿದೆ ಅಂದ ಕಥೆ ಹೇಳ್ತೀವಿ. ಅಡಿಪಾಯದ ಕಥೆ ಹೇಳಲ್ಲ.

1918ರಲ್ಲಿ ಅವರು ದಿವಾನಗಿರಿ ಬಿಟ್ಟಿದ್ದನ್ನೂ ಹೇಳಲ್ಲ. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗಬೇಕು ಅಂತ ಮಹಾರಾಜರು ಮಿಲ್ಲರ್ ಸಮಿತಿ ಮಾಡಿದರು, ಇವರಿಗೆ ಆ ದಾರಿ ಒಪ್ಪಿಗೆ ಆಗಲಿಲ್ಲ. ಇಬ್ಬರೂ ದೊಡ್ಡವರು, ಇಬ್ಬರೂ ನಾಡಿನ ಒಳ್ಳೇದನ್ನೇ ಬಯಸಿದವರು, ಆದರೂ ಭಿನ್ನಾಭಿಪ್ರಾಯ ಬಂತು. ಏಳನೇ ಕ್ಲಾಸಿನ ಮಗುಗೆ ಇದು ಅರ್ಥ ಆಗಲ್ವಾ? ಮನೇಲಿ ಅಪ್ಪ ದೊಡ್ಡಪ್ಪ ಜಮೀನಿನ ವಿಷಯಕ್ಕೆ ಮಾತು ಬಿಟ್ಟಿರೋದನ್ನ ದಿನಾ ನೋಡೋ ಮಕ್ಕಳಿಗೆ ಖಂಡಿತ ಅರ್ಥ ಆಗುತ್ತೆ.

ಅವರು ಬಿಟ್ಟಾಗ ಕಟ್ಟೆ ಕೆಲಸ ಇನ್ನೂ ಮುಗಿದಿರಲಿಲ್ಲ. ಆಮೇಲೆ ದಿವಾನರಾದವರು ಕಾಂತರಾಜೇ ಅರಸು, ಆಲ್ಬಿಯನ್ ಬ್ಯಾನರ್ಜಿ, ಮಿರ್ಜಾ ಇಸ್ಮಾಯಿಲ್. ಕೆಲಸ ಮುಗಿದಿದ್ದು 1931ರ ಹೊತ್ತಿಗೆ. ಐದು ಜನ ದಿವಾನರ ಕಾಲ, ಇಪ್ಪತ್ತು ವರ್ಷ. ಶುರುವಾದಾಗ ಹುಟ್ಟಿದ ಮಗು ಮುಗಿಯೋ ಹೊತ್ತಿಗೆ ಕೂಲಿಗೆ ಬಂದು ಕಲ್ಲು ಹೊತ್ತಿರಬಹುದು! ಎರಡೂವರೆ ಕಿಲೋಮೀಟರಿಗೂ ಉದ್ದದ ಗೋಡೆ, ಸಿಮೆಂಟಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿ ಅರೆದ ಸುರ್ಕಿ ಗಾರೆ. ಆ ಗಾರೆ ಅರೆದವರು, ತಲೆ ಮೇಲೆ ಹೊತ್ತು ಸಾಲಾಗಿ ನಡೆದ ಹೆಂಗಸರು, ಇವರಲ್ಲಿ ಒಬ್ಬರ ಹೆಸರಾದರೂ ನಮಗೆ ಗೊತ್ತಾ?

ಈಗ ಫೇಸ್‌ಬುಕ್ಕಲ್ಲಿ ಇನ್ನೊಂದು ಗಲಾಟೆ ನೋಡ್ತೀನಿ. ವಿಶ್ವೇಶ್ವರಯ್ಯ ಅಲ್ಲವೇ ಅಲ್ಲ, ಮಹಾರಾಜರು, ಅಂದ್ರೆ ನಾಲ್ವಡಿ ಕೃಷ್ಣರಾಜ ಒಡೆಯರೇ ಕಟ್ಟಿದ್ದು, ರಾಣಿ ಒಡವೆ ಮಾರಿ ಕಟ್ಟಿಸಿದ್ದು ಅಂತ. ನಾಲ್ವಡಿಯವರ ಪಾಲು ದೊಡ್ಡದು, ಅವರು ಕೈಬಿಟ್ಟಿದ್ದರೆ ಯಾವ ಎಂಜಿನಿಯರಿಂದಲೂ ಆಗ್ತಿರಲಿಲ್ಲ, ಅದನ್ನ ಎಲ್ಲಿ ಬೇಕಾದರೂ ನಿಂತು ಹೇಳ್ತೀನಿ. ಆದರೆ ಒಂದು ಹೆಸರು ಅಳಿಸಿ ಇನ್ನೊಂದು ಹೆಸರು ಬರೆದರೆ ಏನು ಸರಿಹೋಯ್ತು? ಅದೂ ಒಂದು ಅಂಕದ ಉತ್ತರಾನೇ. ಒಡವೆ ಕಥೆ ಮಕ್ಕಳಿಗೆ ಹೇಳಿ, ಬೇಡ ಅನ್ನಲ್ಲ, ಹೇಳಿ ಆದಮೇಲೆ "ಇದು ನಿಮಗೆ ಯಾರು ಹೇಳಿದ್ದು? ಅವರಿಗೆ ಯಾರು ಹೇಳಿದ್ದು? ದಾಖಲೆ ಎಲ್ಲಿ ಹುಡುಕೋದು?" ಅಂತ ಕೇಳಿ. ಕಟ್ಟೆ ಹತ್ರಾನೇ ಟಿಪ್ಪು ಕಾಲದ ಪರ್ಷಿಯನ್ ಶಾಸನ ಇದೆಯಲ್ಲ, 1794ರದ್ದು, ಅದರ ಮುಂದೆ ಮಕ್ಕಳನ್ನ ನಿಲ್ಲಿಸಿ, ಇಲ್ಲಿ ನೀರು ನಿಲ್ಲಿಸೋ ಯೋಚನೆ ಎಷ್ಟು ಹಳೇದು, ಯೋಚನೆಗೂ ಕಟ್ಟೋದಕ್ಕೂ ನಡುವೆ ಏನೇನು ಬೇಕು ಅಂತ ಮಾತಾಡಿಸಿ. ಅಷ್ಟು ಮಾಡೋಕೆ ಒಂದು ಪೀರಿಯಡ್ ಸಾಕು.

ನಾನೂ ಟೀಚರೇ, ಇದನ್ನ ನಮ್ಮ ಸ್ಕೂಲಿನ ಸ್ಟಾಫ್ ರೂಮಲ್ಲಿ ಹೇಳಿದರೆ ಒಂದೇ ಮಾತು, "ಮೇಡಂ, ಚಿಕ್ಕ ಮಕ್ಕಳಿಗೆ ಒಬ್ಬ ಹೀರೋ ಬೇಕು, ಹತ್ತು ಹೆಸರು ಹೇಳಿದರೆ ಕನ್ಫ್ಯೂಸ್ ಆಗ್ತಾರೆ." ಸ್ಫೂರ್ತಿ ಬೇಕು, ಒಪ್ತೀನಿ. ಆದರೆ ಇದೇ ಮಕ್ಕಳು ಕ್ರಿಕೆಟ್ ಮ್ಯಾಚ್ ಬಗ್ಗೆ ಮಾತಾಡೋದು ಕೇಳಿದ್ದೀರಾ? ಕ್ಯಾಪ್ಟನ್ ಒಬ್ಬನೇ ಗೆಲ್ಲಿಸಿದ ಅಂತ ಯಾವ ಹುಡುಗಾನೂ ಹೇಳಲ್ಲ. ಯಾರು ಕ್ಯಾಚ್ ಬಿಟ್ಟ, ಯಾವ ಓವರಲ್ಲಿ ಆಟ ತಿರುಗ್ತು, ಟಾಸ್ ಸೋತಿದ್ದು ಒಳ್ಳೇದಾಯ್ತಾ, ಎಲ್ಲಾ ಹೇಳ್ತಾರೆ, ಕ್ಯಾಪ್ಟನ್ ಮೇಲೆ ಪ್ರೀತೀನೂ ಕಮ್ಮಿ ಆಗಲ್ಲ. ಕನ್ಫ್ಯೂಸ್ ಆಗೋದು ಮಕ್ಕಳಲ್ಲ, ಪೇಪರ್ ತಿದ್ದೋಕೆ ಟೈಮಿಲ್ಲದ ನಾವು.

ನಾವು ಅಂತ ಸುಮ್ಮನೆ ಅಂದಿದ್ದಲ್ಲ. ಇಪ್ಪತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಇದೇ ಪಾಠ ಮಾಡ್ತಿದ್ದೆ. ಹಿಂದಿನ ಬೆಂಚಿಂದ ಒಂದು ಹುಡುಗಿ ಎದ್ದು, "ಮಿಸ್, ನಮ್ ತಾತನ ಅಪ್ಪ ಅಲ್ಲಿ ಕಲ್ಲು ಒಡೀತಿದ್ರಂತೆ, ಅವ್ರ ಹೆಸ್ರೂ ಬರೀಬೋದಾ?" ಅಂತ ಕೇಳಿದಳು. ನಾನು "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಅಂದೆ. ಕೂತ್ಕೊಂಡಳು. ಆ ವರ್ಷ ಪೂರ್ತಿ ನನ್ನ ಕ್ಲಾಸಲ್ಲಿ ಮತ್ತೆ ಎದ್ದು ನಿಲ್ಲಲಿಲ್ಲ. ಹೊಸಿಲು ಹೊತ್ಕೊಂಡು ಬಂದವರ ಮನೆ ಹೆಣ್ಣುಮಗಳು ನಾನು, ನಾನೇ ಹಾಗಂದೆ. ಇವತ್ತು ಆ ಕೆಂಪು ಇಂಟು ನೋಡಿದಾಗ ತಿದ್ದಿದವರ ಮೇಲೆ ಬಂದ ಸಿಟ್ಟಲ್ಲಿ ಅರ್ಧ ನನ್ನ ಮೇಲಿಂದೇ.

ಈಗ ಕೆಲವು ವರ್ಷದಿಂದ ಬೇರೆ ಥರ ಮಾಡ್ತಿದ್ದೀನಿ. ಬೋರ್ಡಿನ ಈ ತುದಿಯಿಂದ ಆ ತುದಿಗೆ ಒಂದು ಗೆರೆ, ಈ ಕಡೆ 1911, ಆ ಕಡೆ 1931. ವಿಶ್ವೇಶ್ವರಯ್ಯನವರು ಎಲ್ಲಿಂದ ಎಲ್ಲಿವರೆಗೆ ಇದ್ದರು ಅಂತ ಒಬ್ಬ ಬಣ್ಣದ ಚಾಕ್‌ಪೀಸಲ್ಲಿ ಬರೀಬೇಕು. ನಾಲ್ವಡಿಯವರದ್ದು ಪೂರ್ತಿ ಉದ್ದಕ್ಕೂ ಬರುತ್ತೆ. ಮದ್ರಾಸಿನ ತಕರಾರು ಕೆಳಗೆ ಬರುತ್ತೆ. ಆಮೇಲೆ ಮನೇಲಿ ಕೇಳ್ಕೊಂಡು ಬಂದಿದ್ದು: ಯಾರ ಮನೆ ಮುಳುಗ್ತು, ಯಾರು ಕೂಲಿಗೆ ಹೋದರು, ನಾಲೆ ನೀರು ಬಂದಮೇಲೆ ಯಾರ ಹೊಲದಲ್ಲಿ ರಾಗಿ ಹೋಗಿ ಕಬ್ಬು ಬಂತು. ಇಷ್ಟಾದಮೇಲೆ ಕೊನೇ ಪ್ರಶ್ನೆ, ಇವರಲ್ಲಿ ಯಾರು ಇಲ್ಲದಿದ್ದರೆ ಕಟ್ಟೆ ಏನಾಗ್ತಿತ್ತು? ಅವತ್ತು ಕ್ಲಾಸಲ್ಲಿ ನಡೆಯೋ ಜಗಳ ನೀವು ನೋಡಬೇಕು, ಬೆಲ್ ಹೊಡೆದರೂ ಬಿಡಲ್ಲ.

ಹುಡುಗನ ಸ್ಕೂಲಿಗೆ ಸೋಮವಾರ ಹೋಗ್ತೀನಿ, ಜಗಳಕ್ಕಲ್ಲ, ಆ ಟೀಚರ್ ಜೊತೆ ಕೂತು ಮಾತಾಡೋಕೆ. ಅಷ್ಟರಲ್ಲಿ ಮಂಡ್ಯ, ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಗೆಳೆಯರೇ, ನಿಮ್ಮ ಮನೆಯಿಂದ ಯಾರಾದರೂ ಕಟ್ಟೆ ಕೆಲಸಕ್ಕೆ ಹೋಗಿದ್ದರೆ ಮನೇಲಿ ದೊಡ್ಡವರನ್ನ ಕೇಳಿ ಇಲ್ಲಿ ತಿಳಿಸಿ. ಅವರ ಹೆಸರು, ಊರು, ಏನು ಕೆಲಸ ಮಾಡ್ತಿದ್ದರು, ಅಷ್ಟು ಸಾಕು. ಈ ವರ್ಷ ಬೋರ್ಡಿನ ಮೇಲೆ ಆ ಹೆಸರುಗಳನ್ನೂ ಬರೆಸ್ತೀನಿ.