ಶಿರಸಿ ಬೇರೆ ಜಿಲ್ಲೆಯಾಗಬೇಕೇ?

ಉತ್ತರ ಕನ್ನಡವನ್ನು ಒಡೆದು, ಶಿರಸಿ ಕೇಂದ್ರವಾಗಿ ಹೊಸ ಜಿಲ್ಲೆ ಮಾಡಬೇಕು ಎಂಬ ಬೇಡಿಕೆ ಹಳೆಯದು. ಘಟ್ಟದ ಮೇಲಿನ ಒಬ್ಬರು ಪರವಾಗಿ, ಘಟ್ಟದ ಕೆಳಗಿನ ಒಬ್ಬರು ವಿರೋಧವಾಗಿ ಬರೆದಿದ್ದಾರೆ.

ಪರ: ಡಿಸಿ ಕಚೇರಿ ಘಟ್ಟ ಹತ್ತಲಿ
(ಸಿದ್ದಾಪುರ ತಾಲೂಕಿನ ಅಡಿಕೆ ಬೆಳೆಗಾರ್ತಿ)

ಮೊದಲು ಅಳತೆ ನೋಡೋಣ. ಉತ್ತರ ಕನ್ನಡದ ವಿಸ್ತೀರ್ಣ 10,291 ಚದರ ಕಿ.ಮೀ. ಪಕ್ಕದ ಗೋವಾ ಇಡೀ ರಾಜ್ಯ ಸೇರಿ 3,702. ಎರಡೂವರೆ ಗೋವಾ ತಂದು ಹಾಸಿದರೂ ನಮ್ಮಲ್ಲಿ ಇನ್ನೂ ಜಾಗ ಉಳಿಯುತ್ತದೆ. ಹನ್ನೆರಡು ತಾಲೂಕು, ಒಬ್ಬರೇ ಜಿಲ್ಲಾಧಿಕಾರಿ. ಅವರ ಕಚೇರಿ ಇರುವುದಾದರೂ ಎಲ್ಲಿ? ಸಮುದ್ರದ ದಂಡೆಯ ಕಾರವಾರದಲ್ಲಿ, ಗೋವಾ ಗಡಿಯ ಹತ್ತಿರ, ಒಂದು ಮೂಲೆಯಲ್ಲಿ. ಕಾರವಾರದಿಂದ ಇನ್ನೊಂದು ರಾಜ್ಯಕ್ಕೆ ಹೋಗಿ ಊಟ ಮಾಡಿ ಬರಬಹುದು. ಸ್ವಂತ ಜಿಲ್ಲೆಯ ಮುಂಡಗೋಡಕ್ಕೆ ಬಂದು ಹೋಗಬೇಕಾದರೆ ಒಂದು ದಿನ ಬೇಕು.

ಅಲ್ಲಿ ಯಾಕಿದೆ ಅಂದರೆ ಅದೊಂದು ಕಥೆ. 1799ರಲ್ಲಿ ಇಂಗ್ಲಿಷರ ಕೈಗೆ ಬಂದ ಕೆನರಾ, ಮದ್ರಾಸ್ ಪ್ರಾಂತ್ಯದಲ್ಲಿತ್ತು. ಜಿಲ್ಲೆ ಅತಿಯಾಗಿ ದೊಡ್ಡದಾಯಿತು ಅಂತ ಅವರೇ ಅದನ್ನು ಉತ್ತರ, ದಕ್ಷಿಣ ಅಂತ ಎರಡು ಮಾಡಿದರು. 1862ರಲ್ಲಿ ಉತ್ತರದ ಭಾಗವನ್ನು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಧಾರವಾಡದ ಕಡೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಹಡಗಿಗೆ ಹಾಕಬೇಕು ಎಂಬ ವ್ಯಾಪಾರಿಗಳ ಒತ್ತಾಯ ಅದರ ಹಿಂದಿತ್ತು. ಅಡಿಕೆ ತೋಟದವರನ್ನು ಆಗ ಯಾರು ಕೇಳಬೇಕು? 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು. 1977ರಲ್ಲಿ ಜಿಲ್ಲೆಗೆ ಉತ್ತರ ಕನ್ನಡ ಅಂತ ಹೆಸರೂ ಬಂತು. ಹತ್ತಿಯ ಹಡಗು ಹೋಗಿ ಎಷ್ಟೋ ಕಾಲವಾಯಿತು. ಜಿಲ್ಲಾ ಕೇಂದ್ರ ಮಾತ್ರ ಹತ್ತಿ ಹಡಗಿಗಾಗಿ ಕಾಯುತ್ತಾ ಅಲ್ಲೇ ಕೂತಿದೆ.

ನಕ್ಷೆ ನೋಡಿದವರಿಗೆ ನಮ್ಮಿಂದ ಕಾರವಾರ ನೂರು ಚಿಲ್ಲರೆ ಕಿ.ಮೀ. ಅಷ್ಟೇ. ಬಸ್ಸಿನಲ್ಲಿ ಕೂತವರಿಗೆ ಅದು ಘಟ್ಟ. ದೇವಿಮನೆ, ದೊಡ್ಡಮನೆ, ಅರಬೈಲ್, ಅಣಶಿ: ಯಾವ ಕಡೆಯಿಂದ ಇಳಿದರೂ ತಿರುವೇ ತಿರುವು. ಮಳೆಗಾಲದಲ್ಲಿ ಆ ದಾರಿಯನ್ನೂ ನಂಬುವಂತಿಲ್ಲ. 2021ರ ಜುಲೈನಲ್ಲಿ ಅರಬೈಲ್ ಘಟ್ಟ ಕುಸಿಯಿತು, ಯಲ್ಲಾಪುರದ ಹತ್ತಿರ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಅಂಥ ದಿನಗಳಲ್ಲಿ ಜಿಲ್ಲಾಡಳಿತ ಘಟ್ಟದ ಕೆಳಗೆ, ನಾವು ಮೇಲೆ. ಕಷ್ಟ ಬಂದಾಗಲೇ ಸಂಪರ್ಕ ಕಡಿದುಹೋಗುವ ಕೇಂದ್ರವನ್ನು ಕೇಂದ್ರ ಅಂತ ಕರೆಯುವುದು ಹೇಗೆ?

ನನ್ನ ಆಯಿಯನ್ನು ಕರೆದುಕೊಂಡು ಕಾರವಾರಕ್ಕೆ ಹೋದದ್ದನ್ನು ಹೇಳಲೇಬೇಕು. ಯಾವ ಕಚೇರಿ, ಯಾವ ಕೆಲಸ ಅನ್ನುವುದು ಬೇಡ. ಮನೆತನದ ವಿಷಯ, ಆಯಿಯೇ ಬಂದು ಸಹಿ ಮಾಡಬೇಕಿತ್ತು. ಅವಳಿಗೆ ಎಪ್ಪತ್ತು ದಾಟಿತ್ತು. ಬೆಳಗಿನ ಜಾವ ಎದ್ದು, ದೋಸೆ ಕಟ್ಟಿಕೊಂಡು, ಮೊದಲ ಬಸ್ಸು ಹತ್ತಿದೆವು. ಘಟ್ಟ ಇಳಿಯುವಾಗಲೇ ಆಯಿಗೆ ವಾಂತಿ ಶುರುವಾಯಿತು. ಲಿಂಬೆಹಣ್ಣು ಮೂಸುತ್ತಾ, ಕಿಟಕಿಗೆ ತಲೆಯಿಟ್ಟು ಹೇಗೋ ಕುಮಟಾ ಮುಟ್ಟಿದಳು. ಅಲ್ಲಿ ಬಸ್ಸು ಬದಲಿಸಿ ಕಾರವಾರ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಚೇರಿಯ ಗುಮಾಸ್ತರು ಒಳ್ಳೆಯವರೇ, ಕುರ್ಚಿ ಹಾಕಿ ನೀರು ಕೊಟ್ಟರು. ಆಮೇಲೆ, "ಸಾಹೇಬ್ರು ಮೀಟಿಂಗಿಗೆ ಬೆಂಗ್ಳೂರಿಗೆ ಹೋಗಿದ್ದಾರಲ್ಲ ಅಮ್ಮ" ಅಂದರು. ಸಂಜೆ ಹಿಂದಿರುಗಿದರೆ ಘಟ್ಟದ ಮೇಲಿನ ಕೊನೆಯ ಬಸ್ಸು ಸಿಗುವ ಭರವಸೆ ಇರಲಿಲ್ಲ. ಲಾಡ್ಜಿನಲ್ಲಿ ಉಳಿದೆವು. ಆಯಿ ಜನ್ಮದಲ್ಲಿ ಮೊದಲ ಸಲ ಲಾಡ್ಜಿನಲ್ಲಿ ಮಲಗಿದ್ದು. ರಾತ್ರಿಯಿಡೀ ಅವಳಿಗೆ ಒಂದೇ ಚಿಂತೆ: ಕೊಟ್ಟಿಗೆಯಲ್ಲಿ ಎಮ್ಮೆ ಹಾಲು ಕೊಟ್ಟಿತೋ ಇಲ್ಲವೋ. ಎಮ್ಮೆ ಅವಳ ಕೈಗೆ ಮಾತ್ರ ಹೊಂದಿಕೊಂಡಿತ್ತು. ಭಾವ ಫೋನಿನಲ್ಲಿ "ಕೊಟ್ಟಿದೆ ಕೊಟ್ಟಿದೆ" ಅಂದರೂ ನಂಬಲಿಲ್ಲ. ಮರುದಿನ ಕೆಲಸ ಆಯಿತು ಅನ್ನಿ. ಸಹಿ ಹಾಕಲು ಹಿಡಿದದ್ದು ಎರಡು ನಿಮಿಷ.

"ಈಗ ಎಲ್ಲಾ ಆನ್‌ಲೈನ್ ಆಯ್ತಲ್ಲ, ಡಿಸಿ ಕಚೇರಿಗೆ ಯಾಕೆ ಹೋಗ್ತೀರಿ?" ಅಂತ ಘಟ್ಟದ ಕೆಳಗಿನವರು ಕೇಳುತ್ತಾರೆ. ಅವರು ದಿನಾ ಮೀನು ಪೇಟೆಗೆ ಹೋದಷ್ಟೇ ಸಲೀಸಾಗಿ ಡಿಸಿ ಕಚೇರಿಗೂ ಹೋಗುತ್ತಾರೆ, ಅವರಿಗೇನು ಗೊತ್ತು? ನಮ್ಮ ಜಿಲ್ಲೆಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಕಾಡು. ಅತಿಕ್ರಮಣ ಜಮೀನಿನ ಪ್ರಶ್ನೆ ಇಲ್ಲದ ಊರಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಮೊದಲು ಗ್ರಾಮಸಭೆಗೆ ಹೋಗಬೇಕು, ಆಮೇಲೆ ಎಸಿ (ಉಪವಿಭಾಗಾಧಿಕಾರಿ) ಇರುವ ಉಪವಿಭಾಗ ಸಮಿತಿಗೆ, ಕೊನೆಗೆ ಡಿಸಿ ಇರುವ ಜಿಲ್ಲಾ ಸಮಿತಿಗೆ. ಕೊನೆಯ ಮಾತು ಜಿಲ್ಲಾ ಸಮಿತಿಯದ್ದು. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೇವೆ ಅಂತ ತೋರಿಸಬೇಕು. ಪಹಣಿಯ ತಕರಾರೂ ಹಾಗೆಯೇ. ತಹಶೀಲ್ದಾರರ ಆದೇಶ ಒಪ್ಪದಿದ್ದರೆ ಎಸಿ, ಎಸಿ ಆದೇಶ ಒಪ್ಪದಿದ್ದರೆ ಡಿಸಿ. ಇದೆಲ್ಲ ಮೊಬೈಲಿನಲ್ಲಿ ಮುಗಿಯುವ ವ್ಯವಹಾರವೇ?

ನಿಜ ಹೇಳಬೇಕೆಂದರೆ ಜಿಲ್ಲೆ ಆಗಲೇ ಎರಡಾಗಿದೆ. ಶಿಕ್ಷಣ ಇಲಾಖೆಗೆ ಕಾರವಾರ, ಶಿರಸಿ ಅಂತ ಎರಡು ಶೈಕ್ಷಣಿಕ ಜಿಲ್ಲೆ. ವಾಹನದ ನಂಬರು ಕಾರವಾರದ್ದು ಕೆಎ-30, ಶಿರಸಿಯದ್ದು ಕೆಎ-31. ಅರಣ್ಯ ಇಲಾಖೆಯ ಕೆನರಾ ವೃತ್ತದ ಕಚೇರಿ ಶಿರಸಿಯಲ್ಲಿ. ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿ ಶಿರಸಿಯಲ್ಲಿ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಾದ ಕೆಡಿಸಿಸಿಯ ಪ್ರಧಾನ ಕಚೇರಿಯೂ ಶಿರಸಿಯಲ್ಲೇ. ಒಂದೇ ಸೂರಿನಡಿ ಎರಡು ಒಲೆ ಉರಿಯುತ್ತಿರುವಾಗ, ಹಿಸ್ಸೆ ಪತ್ರಕ್ಕೆ ಸಹಿ ಹಾಕಲು ಮಾತ್ರ ಯಾಕೆ ಹಿಂಜರಿಕೆ?

ಕಾನೂನಿನ ತೊಡಕೂ ಇಲ್ಲ. ಹೊಸ ರಾಜ್ಯಕ್ಕೆ ಸಂಸತ್ತು ಬೇಕು. ಜಿಲ್ಲೆಗೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಡಿ ರಾಜ್ಯ ಸರ್ಕಾರದ ಅಧಿಸೂಚನೆ ಸಾಕು. 1997ರಲ್ಲಿ ಒಂದೇ ಸಲ ಏಳು ಜಿಲ್ಲೆ ಮಾಡಿದರು. ನಮ್ಮ ಪಕ್ಕದ ಹಾವೇರಿ, ಆ ಕಡೆಯ ಉಡುಪಿ ಆಗ ಹುಟ್ಟಿದವು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರವೂ ಆಯಿತು. ಜನ ಕಡಿಮೆ ಅನ್ನುತ್ತೀರಾ? ಕೊಡಗಿನಲ್ಲಿ 2011ರ ಜನಗಣತಿಯಂತೆ ಐದೂವರೆ ಲಕ್ಷ ಜನ. ಅದು ಜಿಲ್ಲೆಯಲ್ವಾ?

ಹಳಿಯಾಳ, ದಾಂಡೇಲಿ, ಜೋಯಿಡಾ ಯಾವ ಕಡೆ ಅಂತ ಕೆಲವರು ಕೊಕ್ಕೆ ಹಾಕುತ್ತಾರೆ. ಅದನ್ನು ಅಲ್ಲಿನವರು ಹೇಳಲಿ. ಅವರ ತೀರ್ಮಾನ ಆಗುವವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡದವರು ಯಾಕೆ ಕಾಯಬೇಕು?

ವಿರೋಧ: ಹೊಸ ಬೋರ್ಡು, ಹಳೇ ಸಿಬ್ಬಂದಿ
(ಕುಮಟಾದ ನಿವೃತ್ತ ಕಂದಾಯ ನೌಕರ)

ವಿರೋಧವಾಗಿ ಬರೆದುಕೊಡಿ ಅಂದರು. ಘಟ್ಟದ ಕೆಳಗಿನವರು ಒಬ್ಬರು ಬೇಕಿತ್ತಂತೆ. ಕುಮಟಾದವನಾದ ನನಗೆ ಕಾರವಾರವೂ ಶಿರಸಿಯೂ ಹೆಚ್ಚುಕಡಿಮೆ ಒಂದೇ ದೂರ, ಎಲ್ಲಿ ಇಟ್ಟರೂ ನಷ್ಟವಿಲ್ಲ. ಆದರೂ ಹೇಳುವುದು ಸ್ವಲ್ಪ ಇದೆ.

ಜಿಲ್ಲೆ ಎಷ್ಟು ಅಗಲ ಅಂತ ಅಳೆಯುವವರು ಎಷ್ಟು ಜನ ಅಂತಲೂ ಎಣಿಸಬೇಕು. 2011ರಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 14.37 ಲಕ್ಷ. ರಾಜ್ಯದ 6.11 ಕೋಟಿಯನ್ನು 31 ಜಿಲ್ಲೆಗೆ ಹಂಚಿದರೆ ಒಂದಕ್ಕೆ ಇಪ್ಪತ್ತು ಲಕ್ಷದ ಹತ್ತಿರ ಬರುತ್ತದೆ. ಬೆಳಗಾವಿಯಲ್ಲಿ 47 ಲಕ್ಷಕ್ಕಿಂತ ಜಾಸ್ತಿ ಜನ, ಅದಿನ್ನೂ ಒಂದೇ ಜಿಲ್ಲೆ. ಕೊಡಗಿನ ಲೆಕ್ಕ ಬೇರೆ. ಅದು 1956ರವರೆಗೆ ಬೇರೆ ರಾಜ್ಯವೇ ಆಗಿತ್ತು.

ದೂರವೇ ಕಾರಣವಾದರೆ ಭಟ್ಕಳದವರು ಏನು ಮಾಡಬೇಕು? ಅವರಿಗೂ ಕಾರವಾರ ನೂರು ಕಿ.ಮೀ. ಮೇಲೆಯೇ. ಘಟ್ಟ ಇಲ್ಲ ಅನ್ನಬಹುದು. ಆದರೆ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಬಿತ್ತು. ಕರಾವಳಿಯ ರಸ್ತೆಯೂ ಕಡಿದುಹೋಯಿತು. ಗುಡ್ಡ ಕುಸಿದ ಕಡೆಯೆಲ್ಲ ಒಂದೊಂದು ಜಿಲ್ಲೆ ಮಾಡಲು ಆಗುತ್ತದೆಯೇ? ಘಟ್ಟದ ಮೇಲಿನವರ ಮಾತು ಕೇಳಿದರೆ ಅವರು ಅಡಿಕೆ ಕೊನೆ ಇಳಿಸುವುದಕ್ಕೂ ಡಿಸಿ ಅಪ್ಪಣೆ ಕೇಳುತ್ತಾರೇನೋ ಅನ್ನಿಸುತ್ತದೆ. ಸಾಮಾನ್ಯ ಜನರ ಕೆಲಸ ಗ್ರಾಮ ಪಂಚಾಯತಿ, ನಾಡಕಚೇರಿ, ತಾಲೂಕು ಕಚೇರಿಯಲ್ಲೇ ಇರುವುದು. ಶಿರಸಿಯಲ್ಲಿ ಎಸಿ ಕಚೇರಿಯೂ ಇದೆ. ಅದರ ಮೇಲೆ ಬಸ್ಸಿನ ವಿಭಾಗ, ಬ್ಯಾಂಕು, ಅರಣ್ಯ ವೃತ್ತ ಎಲ್ಲಾ ಶಿರಸಿಯಲ್ಲೇ ಅಂತ ಅವರೇ ಪಟ್ಟಿ ಕೊಡುತ್ತಾರೆ. ಅದಕ್ಕೆಲ್ಲ ನಾವು ಕೆಳಗಿನವರು ಘಟ್ಟ ಹತ್ತಿಯೇ ಹೋಗುತ್ತೇವೆ, ಅಲ್ವಾ?

ನಾನು ನೌಕರಿಯಲ್ಲಿದ್ದಾಗ ಹೊಸದಾಗಿ ಘೋಷಣೆಯಾದ ಒಂದು ತಾಲೂಕಿಗೆ ನನ್ನನ್ನು ಹಾಕಿದ್ದರು. ಯಾವುದೆಂದು ಬರೆಯುವುದಿಲ್ಲ, ಅಲ್ಲಿಯ ಜನ ಒಳ್ಳೆಯವರು. ಉದ್ಘಾಟನೆಯ ದಿನ ಪೆಂಡಾಲು, ಹಾರ, ಪಟಾಕಿ. ಮರುದಿನ ನೋಡಿದರೆ ಬಾಡಿಗೆ ಕಟ್ಟಡದ ಮಾಳಿಗೆ, ನಾಲ್ಕು ಟೇಬಲ್ಲು, ಕುರ್ಚಿ ಮೂರು. ಸಿಬ್ಬಂದಿ ಅಂದರೆ ಹಳೆ ತಾಲೂಕಿನಿಂದಲೇ ನಿಯೋಜನೆ ಮೇಲೆ ಬಂದ ನಾವು. ಅಂದರೆ ಅಲ್ಲಿ ಖಾಲಿ, ಇಲ್ಲೂ ಅರ್ಧ. ದೊಡ್ಡ ತಲೆನೋವು ರೆಕಾರ್ಡು ರೂಮಿನದ್ದು. ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ ಪುಸ್ತಕ ಎಲ್ಲವನ್ನೂ ಊರುವಾರು ಬೇರ್ಪಡಿಸಿ, ಪಟ್ಟಿ ಮಾಡಿ, ಎರಡೂ ಕಡೆಯವರು ಸಹಿ ಹಾಕಿ ಸಾಗಿಸಬೇಕು. ಕೆಲವು ಪುಸ್ತಕದಲ್ಲಿ ಎರಡು ತಾಲೂಕಿಗೆ ಹೋಗುವ ಊರುಗಳು ಒಟ್ಟಿಗೇ ಇದ್ದವು. ಪುಸ್ತಕವನ್ನು ಹರಿಯಲು ಬರುತ್ತದೆಯೇ? ಹಾಗಾಗಿ ಅವು ಅಲ್ಲೇ ಉಳಿದವು. ಜನ ಹೊಸ ಕಚೇರಿಗೆ ಬರುತ್ತಾರೆ, ನಾವು ಹಳೆಯದಕ್ಕೆ ಪತ್ರ ಬರೆಯುತ್ತೇವೆ. "ಸದರಿ ಕಡತ ನಿಮ್ಮಲ್ಲಿಗೆ ಕಳಿಸಲಾಗಿದೆ" ಅಂತ ಉತ್ತರ ಬರುತ್ತದೆ. "ಸ್ವೀಕೃತವಾಗಿರುವುದಿಲ್ಲ" ಅಂತ ನಾವು ಬರೆಯುತ್ತೇವೆ. ಒಂದು ಊರಿನ ಬಸ್ತ, ಅಂದರೆ ಕಡತದ ಗಂಟು, ಎಲ್ಲೂ ಸಿಗಲೇ ಇಲ್ಲ. ಆ ಊರಿನ ಒಬ್ಬ ಅಜ್ಜ ಹಿಸ್ಸೆಯ ಕಾಗದಕ್ಕಾಗಿ ಬಂದು ಬಂದು, ಕೊನೆಗೆ ನಮ್ಮೊಟ್ಟಿಗೆ ಚಾ ಕುಡಿಯಲಿಕ್ಕೇ ಬರುವಷ್ಟು ಪರಿಚಯವಾದರು. ಬಸ್ತ ಕಡೆಗೆ ಹಳೆ ಕಚೇರಿಯಲ್ಲಿ ಸಿಕ್ಕಿತು. ಕಾಲು ಮುರಿದ ಕಪಾಟಿನ ಕೆಳಗೆ ಆನಿಕೆಯಾಗಿ ಇಟ್ಟಿದ್ದರು. ಅದನ್ನು ತೆಗೆದ ಕೂಡಲೇ ಕಪಾಟು ವಾಲಿತು, ಮೇಲಿದ್ದ ಚುನಾವಣಾ ಸಾಮಗ್ರಿಯೆಲ್ಲ ಕೆಳಗೆ. ಅಜ್ಜನಿಗೆ ಮಾತ್ರ ಭಾರೀ ಖುಷಿ. ಮುಂದಿನ ಸಲ ಬರುವಾಗ ನಮಗೆಲ್ಲ ಹಲಸಿನ ಹಪ್ಪಳ ತಂದಿದ್ದರು.

ಒಂದು ತಾಲೂಕಿಗೇ ಹೀಗಾದರೆ ಜಿಲ್ಲೆಗೆ ಏನಾದೀತು? ಡಿಸಿ, ಎಸ್‌ಪಿ, ಜಿಲ್ಲಾ ಪಂಚಾಯತಿ, ಖಜಾನೆ, ಆರೋಗ್ಯ, ಕೃಷಿ, ಒಂದೊಂದಕ್ಕೂ ಕಟ್ಟಡ, ಜೀಪು, ಜನ ಬೇಕು. ಕಾಡೇ ತುಂಬಿದ ಜಿಲ್ಲೆಯಲ್ಲಿ ಕಟ್ಟಡಕ್ಕೆ ಜಾಗ ಹುಡುಕುವುದೂ ಸುಲಭವಲ್ಲ.

ಆಸ್ಪತ್ರೆ ಬರುತ್ತದೆ ಅನ್ನುವ ಆಸೆ ಹಲವರಿಗೆ. ಕಾರವಾರ ಇಷ್ಟು ವರ್ಷ ಜಿಲ್ಲಾ ಕೇಂದ್ರ, ವೈದ್ಯಕೀಯ ಕಾಲೇಜೂ ಇದೆ. ಆದರೂ ದೊಡ್ಡ ಕಾಯಿಲೆಗೆ ನಮ್ಮವರ ಆಂಬ್ಯುಲೆನ್ಸು ಮಣಿಪಾಲ, ಮಂಗಳೂರು, ಗೋವಾ ಕಡೆಗೆ ಓಡುತ್ತದೆ. 2022ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಇಡೀ ಜಿಲ್ಲೆ ಒಟ್ಟಾಗಿ ಕೂಗಿತ್ತು, ಘಟ್ಟದ ಮೇಲಿನವರೂ ಕೆಳಗಿನವರೂ. ಎರಡಾದರೆ ಆ ಕೂಗೂ ಎರಡಾಗುತ್ತದೆ.

ಅಧಿಕಾರ ಹತ್ತಿರ ಬರಬೇಕಾದರೆ ಕೆಳಗಿನ ಹಂತಕ್ಕೇ ಕೊಡಬೇಕು. 1993ರ ಪಂಚಾಯತ್ ರಾಜ್ ಕಾಯ್ದೆ ಇರುವುದು ಅದಕ್ಕೇ. ಆದರೆ ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಆಡಳಿತಾಧಿಕಾರಿಗಳದ್ದೇ ದರ್ಬಾರು. ಇರುವ ಒಂದು ಜಿಲ್ಲಾ ಪಂಚಾಯತಿಯಲ್ಲೇ ಸದಸ್ಯರಿಲ್ಲ. ಇನ್ನೊಂದು ಖಾಲಿ ಸಭಾಂಗಣ ಕಟ್ಟಿ ಏನು ಮಾಡೋಣ?

ಅರಣ್ಯ ಹಕ್ಕಿನ ಅರ್ಜಿಯ ವಿಷಯ ದೊಡ್ಡದು, ಇಲ್ಲಿ ಜಾಗ ಸಾಲದು. ಜೋಯಿಡಾದ ಮಾತು ಹೇಳಿ ಮುಗಿಸುತ್ತೇನೆ. ಜೋಯಿಡಾದವರು ಅಣಶಿ ಘಟ್ಟ ಇಳಿದರೆ ಕಾರವಾರ. ಘಟ್ಟದ ಮೇಲಿನವರು ಅಂತ ಅವರನ್ನು ಶಿರಸಿಗೆ ಸೇರಿಸಿದರೆ ದಾಂಡೇಲಿ ದಾಟಿ, ಯಲ್ಲಾಪುರ ದಾಟಿ ಹೋಗಬೇಕು. ಹಳಿಯಾಳದವರಿಗೆ ಎರಡಕ್ಕಿಂತಲೂ ಧಾರವಾಡವೇ ಹತ್ತಿರ. "ಅಲ್ಲಿನವರು ಹೇಳಲಿ" ಅಂತ ಮೇಲಿನ ಲೇಖನದಲ್ಲಿದೆ. ಅವರು ಧಾರವಾಡ ಅಂದರೆ ಒಪ್ಪುತ್ತಾರೆಯೇ, ಅದನ್ನೂ ಬರೆಯಬೇಕಿತ್ತು.