ಐದನೆಯ ಗುಬ್ಬಿ

ಇರುವೆ, ಜೇಡರ ಬಲೆ, ಗುಬ್ಬಿ ಇಂಥ ಸಣ್ಣ ಸಂಗತಿಗಳಲ್ಲಿ ದೇವರ ಪಾಠವನ್ನು ಕಾಣಬಹುದೆಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಲೇಖಕರ ಆ ಮಾತನ್ನು ಒಪ್ಪುತ್ತೇನೆ. ಆದರೆ ಅವರು ಬಲೆಯನ್ನು ಛಲದ ಗುರುತಾಗಿ ಮಾತ್ರ ನೋಡಿದ್ದು ತುಸು ಅವಸರವಾಯಿತು ಎನಿಸಿತು. ಬೈಬಲಿನ ಯೋಬನ ಗ್ರಂಥದ 8ನೆಯ ಅಧ್ಯಾಯದಲ್ಲಿ ಯೋಬನ ಗೆಳೆಯ ಬಿಲ್ದದನು ಅದೇ ಬಲೆಯನ್ನು ದೇವರನ್ನು ಮರೆತವನ ಭರವಸೆಗೆ, ಒರಗಿದರೆ ನಿಲ್ಲದ ಆಸರೆಗೆ ಹೋಲಿಸುತ್ತಾನೆ. (ಕೊನೆಯಲ್ಲಿ ದೇವರು ಬಿಲ್ದದನ ಮೇಲೆಯೇ ಸಿಟ್ಟಾಗುತ್ತಾನೆ, ಅದು ಬೇರೆ ಮಾತು.) ಹೀಗಿರುವಾಗ ಪಾಠವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಹುಳುವಿನತ್ತ ಬಗ್ಗುವ ಬದಲು ಹುಳುವನ್ನೇ ಸ್ವಲ್ಪ ಹೊತ್ತು ನೋಡಬೇಕು. ಚಕ್ರಾಕಾರದ ಬಲೆ ನೇಯುವ ಎಷ್ಟೋ ಜೇಡಗಳು ಹಳೆಯ ಎಳೆಗಳನ್ನು ತಾವೇ ತಿಂದು, ಆ ಸಾರವನ್ನೇ ಹೊಸ ಎಳೆಗೆ ಬಳಸುತ್ತವೆ. ಪಶ್ಚಾತ್ತಾಪದ ಬಗ್ಗೆ ಯೋಚಿಸುವವರಿಗೆ ಇದರಲ್ಲಿ ಛಲಕ್ಕಿಂತ ಹೆಚ್ಚಿನದು ಸಿಗಬಹುದು.

ಗುಬ್ಬಿಯಂತೂ ಲೇಖನದಲ್ಲಿ ಒಂದೇ ಸಾಲಿಗೆ ಮುಗಿದಿದೆ. ಮತ್ತಾಯನು ಬರೆದ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಒಂದು ಕಾಸಿಗೆ ಎರಡು ಗುಬ್ಬಿ, ಲೂಕನ 12ನೆಯ ಅಧ್ಯಾಯದಲ್ಲಿ ಎರಡು ಕಾಸಿಗೆ ಐದು. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಐದನೆಯದು ವ್ಯಾಪಾರಿ ಸುಮ್ಮನೆ ಸೇರಿಸಿಕೊಡುವ ಕೊಸರು; ಬೆಲೆಯೇ ಇಲ್ಲದ ಆ ಹಕ್ಕಿಯನ್ನೂ ಸೇರಿಸಿಯೇ, ಒಂದನ್ನೂ ದೇವರು ಮರೆಯುವುದಿಲ್ಲ ಎಂದು ಯೇಸು ಹೇಳುತ್ತಾನೆ. ಗುಬ್ಬಿ ನೆಲಕ್ಕೆ ಬೀಳುವುದೇ ಇಲ್ಲವೆಂದು ಮಾತ್ರ ಅವನು ಎಲ್ಲಿಯೂ ಹೇಳಿಲ್ಲ. ಆದ್ದರಿಂದಲೇ, ನಂಬಿದವರಿಗೆ ಯಾವ ಕೇಡೂ ತಟ್ಟದೆಂಬ ಲೇಖನದ ಕೊನೆಯ ಸಾಲು ನನಗೆ ಒಪ್ಪಿಗೆಯಾಗಲಿಲ್ಲ.